ಕಾಣದ ಬೆಳಕು, ಕಾಣದ ಆವಿ: ಮನೆಯ ಪ್ರಯೋಗಗಳಲ್ಲಿ ಪಾದರಸ ದೀಪದ ಸುರಕ್ಷತೆ

ಪಾದರಸದ ಆವಿಯ ಮೂಲಕ ವಿದ್ಯುತ್ ಹರಿಸಿ ಬೆಳಕು ಪಡೆಯುವ ವಿಧಾನವು 1901ರಲ್ಲಿ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಅವರ ದೀಪದೊಂದಿಗೆ ಬಳಕೆಯ ಹಂತಕ್ಕೆ ಬಂದು, ಮುಂದಿನ ನೂರು ವರ್ಷಗಳಲ್ಲಿ ಮನೆ, ಶಾಲೆ, ಬೀದಿ, ಆಸ್ಪತ್ರೆಗಳನ್ನೆಲ್ಲ ಬೆಳಗಿತು. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬು, ಬೀದಿಯ ಹಳೆಯ ಮರ್ಕ್ಯುರಿ ದೀಪ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರದೊಳಗಿನ ಯುವಿ ಕೊಳವೆ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಕ್ರಿಮಿನಾಶಕ ಪೆಟ್ಟಿಗೆ ಇವೆಲ್ಲವೂ ಬಹುಮಟ್ಟಿಗೆ ಇದೇ ಕುಟುಂಬಕ್ಕೆ ಸೇರಿದವು. ಇಂಥ ದೀಪಗಳು ಕಡಿಮೆ ಬೆಲೆಗೆ, ಕೆಲವೊಮ್ಮೆ ಗುಜರಿ ಅಂಗಡಿಯಲ್ಲಿ ಬಿಡಿಗಾಸಿಗೆ ಸಿಗುವುದರಿಂದ ವಿಜ್ಞಾನದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು, ಖನಿಜ ಸಂಗ್ರಾಹಕರು ಮತ್ತು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಅವುಗಳನ್ನು ಬಿಚ್ಚಿ ಮನೆಯಲ್ಲಿಯೇ ಪ್ರಯೋಗಕ್ಕೆ ತೊಡಗುವುದುಂಟು. ಆ ಕುತೂಹಲ ಗೌರವಕ್ಕೆ ಅರ್ಹವಾದದ್ದು. ಆದರೆ ಈ ಪ್ರಯೋಗಗಳಲ್ಲಿ ಎದುರಾಗುವ ಎರಡು ಅಪಾಯಗಳಾದ ನೇರಳಾತೀತ ಕಿರಣ ಮತ್ತು ಪಾದರಸದ ಆವಿ ಎರಡಕ್ಕೂ ಒಂದು ಸಮಾನ ಗುಣವಿದೆ. ಬೆಂಕಿ ಸುಟ್ಟ ಕ್ಷಣದಲ್ಲಿಯೇ ಕೈ ಹಿಂದೆ ಸರಿಯುತ್ತದೆ, ಕೊಳೆತ ಪದಾರ್ಥದ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತದೆ. ಈ ಎರಡರ ವಿಷಯದಲ್ಲಿ ಮಾತ್ರ ಇಂದ್ರಿಯಗಳು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಕಣ್ಣು, ಮೂಗು, ಚರ್ಮ ಮಾಡಬೇಕಾದ ಕಾವಲನ್ನು ಇಲ್ಲಿ ತಿಳಿವಳಿಕೆ ಮತ್ತು ಪೂರ್ವಸಿದ್ಧತೆಗಳೇ ಮಾಡಬೇಕಾಗುತ್ತದೆ.

ನೇರಳೆಯ ಆಚೆಗಿನ ಬೆಳಕು

ಕಾಮನಬಿಲ್ಲಿನ ಒಂದು ಅಂಚಾದ ನೇರಳೆ ಬಣ್ಣದ ಆಚೆಗೂ ಬೆಳಕಿದೆಯೆಂಬುದನ್ನು 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಕಂಡುಕೊಂಡರು. ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಎಂಬ ಲವಣವನ್ನು ಅಶ್ರಗದಿಂದ ಹೊರಟ ಬಣ್ಣಗಳ ಪಟ್ಟಿಯಲ್ಲಿ ಇರಿಸಿದಾಗ, ಕಣ್ಣಿಗೆ ಏನೂ ಕಾಣದ, ನೇರಳೆಯ ಆಚೆಗಿನ ಜಾಗದಲ್ಲಿಯೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಹೀಗೆ ಪತ್ತೆಯಾದ ನೇರಳಾತೀತ ಕಿರಣಗಳನ್ನು ಅವುಗಳ ತರಂಗಾಂತರಕ್ಕೆ, ಅಂದರೆ ಒಂದು ಅಲೆಯ ಉಬ್ಬಿನಿಂದ ಮುಂದಿನ ಉಬ್ಬಿನವರೆಗಿನ ಅಂತರಕ್ಕೆ ಅನುಗುಣವಾಗಿ ಮೂರು ವಿಭಾಗ ಮಾಡಲಾಗಿದೆ. ಒಂದು ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದಾದ ನ್ಯಾನೊಮೀಟರಿನ ಅಳತೆಯಲ್ಲಿ 400ರಿಂದ 315ರವರೆಗಿನದು ಯುವಿ-ಎ, 315ರಿಂದ 280ರವರೆಗಿನದು ಯುವಿ-ಬಿ, 280ರಿಂದ 100ರವರೆಗಿನದು ಯುವಿ-ಸಿ ಎನಿಸಿಕೊಳ್ಳುತ್ತದೆ. ತರಂಗಾಂತರ ಕಡಿಮೆಯಾದಷ್ಟೂ ಕಿರಣದ ಒಂದೊಂದು ಕಣದ ಶಕ್ತಿ ಹೆಚ್ಚುತ್ತದೆ. ಸೂರ್ಯನ ಯುವಿ-ಸಿ ಕಿರಣಗಳನ್ನು ವಾಯುಮಂಡಲದ ಓಝೋನ್ ಮತ್ತು ಆಮ್ಲಜನಕಗಳು ಪೂರ್ತಿಯಾಗಿ ಹೀರಿಕೊಳ್ಳುವುದರಿಂದ ನೆಲದ ಮೇಲಿನ ಜೀವಿಗಳು ಅವುಗಳನ್ನು ಎದುರಿಸಿ ಬೆಳೆದವುಗಳಲ್ಲ. ಮನುಷ್ಯನ ಕಣ್ಣಿಗಾಗಲಿ ಚರ್ಮಕ್ಕಾಗಲಿ ಅವುಗಳ ಪರಿಚಯವಿಲ್ಲ.

ಪಾದರಸದ ದೀಪವು ಈ ಅಪರಿಚಿತ ಕಿರಣವನ್ನು ಕೋಣೆಯೊಳಗೆ ತರಬಲ್ಲದು. ಕಡಿಮೆ ಒತ್ತಡದ ಪಾದರಸದ ಆವಿಯಲ್ಲಿ ವಿದ್ಯುತ್ ಹರಿದಾಗ ಪಾದರಸದ ಪರಮಾಣುಗಳು ಶಕ್ತಿಯನ್ನು ಪಡೆದು, ಅದನ್ನು ಮುಖ್ಯವಾಗಿ 253.7 ನ್ಯಾನೊಮೀಟರ್ ಮತ್ತು ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ 184.9 ನ್ಯಾನೊಮೀಟರಿನ ಯುವಿ-ಸಿ ಕಿರಣಗಳಾಗಿ ಹೊರಚೆಲ್ಲುತ್ತವೆ. ಮನೆಯ ಟ್ಯೂಬ್‌ಲೈಟಿನೊಳಗೆ ನಡೆಯುವುದೂ ಇದೇ ಆದರೂ ಅಲ್ಲಿ ಕೊಳವೆಯ ಒಳಮೈಗೆ ಬಳಿದ ಬಿಳಿಯ ಪುಡಿಯು ಈ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ ಮತ್ತು ಉಳಿದದ್ದನ್ನು ಸಾಮಾನ್ಯ ಗಾಜು ತಡೆಹಿಡಿಯುತ್ತದೆ. ಒಂದು ಪದಾರ್ಥವು ಕಾಣದ ಕಿರಣವನ್ನು ಹೀರಿಕೊಂಡು ಆ ಕೂಡಲೇ ಕಾಣುವ ಬೆಳಕನ್ನು ಹೊರಸೂಸುವ ಈ ವಿದ್ಯಮಾನಕ್ಕೆ ಪ್ರತಿದೀಪ್ತಿ ಎಂದು ಹೆಸರು. ಕ್ರಿಮಿನಾಶಕ ದೀಪದಲ್ಲಾದರೋ ಬಿಳಿಯ ಲೇಪವನ್ನು ತೆಗೆದುಹಾಕಿ, ಗಾಜಿನ ಬದಲು ಯುವಿ-ಸಿಯನ್ನು ದಾಟಿಸುವ ಕ್ವಾರ್ಟ್ಸ್ ಅಥವಾ ವಿಶೇಷ ಗಾಜನ್ನು ಬಳಸಲಾಗುತ್ತದೆ. ನೀರಿನ ಯಂತ್ರದೊಳಗಿನ ಕೊಳವೆಯೂ ಟ್ಯೂಬ್‌ಲೈಟೂ ಒಳಗಿನ ತತ್ತ್ವದಲ್ಲಿ ಒಂದೇ ಆಗಿದ್ದು, ಒಂದನ್ನು ನಿರುಪದ್ರವಿಯನ್ನಾಗಿಯೂ ಇನ್ನೊಂದನ್ನು ಅಪಾಯಕಾರಿಯನ್ನಾಗಿಯೂ ಮಾಡಿರುವುದು ಹೊರಗಿನ ಗೋಡೆಯಷ್ಟೇ.

ಕಣ್ಣು ಮತ್ತು ಚರ್ಮದ ಮೇಲಿನ ಪರಿಣಾಮ

ಜೀವಕೋಶದ ಡಿಎನ್‌ಎ 260 ನ್ಯಾನೊಮೀಟರಿನ ಆಸುಪಾಸಿನ ಕಿರಣವನ್ನು ಅತ್ಯಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀರಿಕೊಂಡಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಥೈಮೀನ್ ಎಂಬ ಘಟಕಗಳು ಒಂದಕ್ಕೊಂದು ಅಂಟಿಕೊಂಡು, ಆ ಎಳೆಯ ಪ್ರತಿ ತೆಗೆಯುವ ಕೆಲಸವೇ ಕೆಡುತ್ತದೆ. ಪಾದರಸದ 253.7 ನ್ಯಾನೊಮೀಟರಿನ ಕಿರಣವು ಈ ಅಳತೆಗೆ ಬಹು ಸಮೀಪದಲ್ಲಿರುವುದೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅದರ ಸಾಮರ್ಥ್ಯದ ರಹಸ್ಯ. ಬ್ಯಾಕ್ಟೀರಿಯಾದ ಡಿಎನ್‌ಎಗೂ ಮನುಷ್ಯನ ಕಣ್ಣಿನ ಜೀವಕೋಶದ ಡಿಎನ್‌ಎಗೂ ಈ ಕಿರಣ ಭೇದವೆಣಿಸುವುದಿಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಹೊರಮೈಯು ಇದರಿಂದ ಮೊದಲು ಘಾಸಿಗೊಳ್ಳುತ್ತದೆ. ಕಪ್ಪು ಕನ್ನಡಕವಿಲ್ಲದೆ ವೆಲ್ಡಿಂಗ್ ಮಾಡುವವರಿಗೆ ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗುವುದು, ನೀರು ಧಾರೆಯಾಗಿ ಇಳಿಯುವುದು, ಬೆಳಕು ನೋಡಲಾಗದಿರುವುದು ಪರಿಚಿತವಾದ ಸಂಗತಿ. ಯುವಿ-ಸಿ ದೀಪದಿಂದಾಗುವುದೂ ಇದೇ ಬಾಧೆ. ಆ ಕ್ಷಣದಲ್ಲಿ ಏನೂ ತಿಳಿಯದೆ, ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಹನ್ನೆರಡು ಗಂಟೆಗಳ ಬಳಿಕ ನೋವು ತಲೆದೋರುವುದರಿಂದ, ಸಂಜೆ ಪ್ರಯೋಗ ಮಾಡಿದವರಿಗೆ ನಡುರಾತ್ರಿಯಲ್ಲಿ ಅದರ ಫಲ ಗೊತ್ತಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಒಂದೆರಡು ದಿನಗಳಲ್ಲಿ ಗಾಯ ಮಾಯುತ್ತದೆಯಾದರೂ ನೇತ್ರತಜ್ಞರನ್ನು ಕಾಣುವುದು ಅಗತ್ಯ. ಕಣ್ಣುಜ್ಜುವುದು ಮತ್ತು ನೋವು ಮರಗಟ್ಟಿಸುವ ಹನಿಗಳನ್ನು ತಾವಾಗಿಯೇ ಹಾಕಿಕೊಳ್ಳುವುದು ಗಾಯವನ್ನು ಹೆಚ್ಚಿಸುತ್ತದೆ. ಚರ್ಮದ ಮೇಲೆ ಬಿಸಿಲಿನಲ್ಲಿ ಸುಟ್ಟಂಥ ಕೆಂಪು ಕಾಣಿಸಿಕೊಳ್ಳುತ್ತದೆ, ಅದೂ ತಡವಾಗಿಯೇ. ಕೊರೊನಾ ಭೀತಿಯ 2020ರಲ್ಲಿ ಮನೆ ಮತ್ತು ಕಚೇರಿಗಳನ್ನು ಸೋಂಕುಮುಕ್ತಗೊಳಿಸಲೆಂದು ಇಂಥ ದೀಪಗಳನ್ನು ಉರಿಸಿ ಕಾರ್ನಿಯಾಕ್ಕೆ ಗಾಯ ಮಾಡಿಕೊಂಡ ಏಳು ಮಂದಿಯ ವಿವರವನ್ನು ಅಮೆರಿಕದ ಮಯಾಮಿಯ ನೇತ್ರತಜ್ಞರು ಪ್ರಕಟಿಸಿದರು. ಕೈ ಅಥವಾ ಚರ್ಮದ ಶುದ್ಧಿಗೆ ಯುವಿ ದೀಪವನ್ನು ಬಳಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಆಗ ಎಚ್ಚರಿಸಿತು.

ಎಷ್ಟು ಹೊತ್ತಿನಲ್ಲಿ ಅಪಾಯ ಉಂಟಾಗುತ್ತದೆಂಬುದನ್ನು ಅಂಕಿಗಳಲ್ಲಿ ಹೇಳಬಹುದು. ರಕ್ಷಣೆಯಿಲ್ಲದ ಕಣ್ಣಿನ ಮೇಲೆ ಎಂಟು ಗಂಟೆಗಳ ಅವಧಿಯಲ್ಲಿ ಬೀಳಬಹುದಾದ 254 ನ್ಯಾನೊಮೀಟರಿನ ಕಿರಣದ ಒಟ್ಟು ಮೊತ್ತಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಿಧಿಸಿರುವ ಮಿತಿ ಪ್ರತಿ ಚದರ ಮೀಟರಿಗೆ 60 ಜೌಲ್. ಬರಿದಾಗಿ ಉರಿಯುವ 30 ವ್ಯಾಟಿನ ಕ್ರಿಮಿನಾಶಕ ಕೊಳವೆಯು ಒಂದು ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ವ್ಯಾಟ್, ಎಂದರೆ ಸೆಕೆಂಡಿಗೆ ಒಂದು ಜೌಲ್ ಯುವಿ-ಸಿಯನ್ನು ಬೀರುತ್ತದೆ. ಇಡೀ ದಿನದ ಮಿತಿ ಹೀಗೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅರ್ಧ ಮೀಟರಿಗೆ ಹತ್ತಿರವಾದರೆ ಅದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಈ ದೀಪದಿಂದ ಕಣ್ಣಿಗೆ ಕಾಣುವುದು ಮಂದವಾದ ತಿಳಿನೀಲಿ ಹೊಳಪು ಮಾತ್ರ. ಪ್ರಖರವಾದ ಬೆಳಕಿಗೆ ತಾನಾಗಿಯೇ ಕಿರಿದಾಗುವ ಕಣ್ಣಿನ ಪಾಪೆ ಈ ಮಂದ ಹೊಳಪಿಗೆ ತೆರೆದೇ ಇರುತ್ತದೆ ಮತ್ತು ನೋಡುವವರ ಮನಸ್ಸು ದೀಪವನ್ನು ದುರ್ಬಲವೆಂದು ತಪ್ಪಾಗಿ ಅಳೆಯುತ್ತದೆ.

ಒಡೆದ ಬೀದಿದೀಪ ಮತ್ತು ಓಝೋನ್

ಹವ್ಯಾಸಿಗಳಲ್ಲಿ ಪ್ರಚಲಿತವಾಗಿರುವ ಒಂದು ರೂಢಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಬೀದಿಯಲ್ಲಿ ಬಳಸುತ್ತಿದ್ದ ಅಧಿಕ ಒತ್ತಡದ ಮರ್ಕ್ಯುರಿ ದೀಪದೊಳಗೆ ಬೆರಳುದ್ದದ ಕ್ವಾರ್ಟ್ಸ್ ನಳಿಕೆಯಿದ್ದು, ಬೆಳಕು ಹುಟ್ಟುವುದು ಅದರಲ್ಲಿ. ಹೊರಗಿನ ದೊಡ್ಡ ಗಾಜಿನ ಬುರುಡೆಯು ಹಾನಿಕರ ಕಿರಣಗಳನ್ನು ತಡೆಯುತ್ತದೆ. ಪ್ರಬಲವಾದ ಯುವಿ ದೀಪ ಅಗ್ಗವಾಗಿ ಸಿಗಲೆಂದು ಹೊರಬುರುಡೆಯನ್ನು ಒಡೆದು ಒಳನಳಿಕೆಯನ್ನು ಉರಿಸುವವರು ಒಮ್ಮೆಗೇ ಮೂರು ಆಪತ್ತುಗಳನ್ನು ಬರಮಾಡಿಕೊಳ್ಳುತ್ತಾರೆ. ಯುವಿ-ಬಿ ಮತ್ತು ಯುವಿ-ಸಿ ಕಿರಣಗಳು ತಡೆಯಿಲ್ಲದೆ ಹೊರಬೀಳುವುದು ಮೊದಲನೆಯದು. ನೂರಾರು ಡಿಗ್ರಿ ಬಿಸಿಯಾಗಿ, ಒಳಗೆ ವಾಯುಮಂಡಲದ ಹಲವು ಪಟ್ಟು ಒತ್ತಡವನ್ನು ಹೊತ್ತಿರುವ ನಳಿಕೆಯು ಸಿಡಿದರೆ ಕಾದ ಚೂರುಗಳೊಂದಿಗೆ ಪಾದರಸದ ಆವಿಯೂ ಕೋಣೆಗೆ ಹರಡುವುದು ಎರಡನೆಯದು. ಬೆತ್ತಲೆ ವಿದ್ಯುತ್ ತುದಿಗಳಿಂದ ಆಘಾತ ತಗಲುವುದು ಮೂರನೆಯದು. ಹೊರಬುರುಡೆ ಒಡೆದ ದೀಪಗಳಿಂದ ಜನರ ಕಣ್ಣು, ಚರ್ಮ ಸುಟ್ಟ ಪ್ರಕರಣಗಳ ಕಾರಣದಿಂದಲೇ ಅಮೆರಿಕದ ನಿಯಮಗಳು ಇಂಥ ದೀಪಗಳಲ್ಲಿ ಎರಡು ವರ್ಗಗಳನ್ನು ಗುರುತಿಸಿ, ಹೊರಬುರುಡೆ ಒಡೆದ ಹದಿನೈದು ನಿಮಿಷಗಳೊಳಗೆ ತಾವಾಗಿಯೇ ಆರಿಹೋಗುವ ದೀಪಗಳನ್ನು ಪ್ರತ್ಯೇಕಿಸಿವೆ. ಒಡೆದ ದೀಪ ತಾನಾಗಿ ಆರಬೇಕೆಂದು ಕಾನೂನೇ ಯೋಚಿಸಿರುವಾಗ, ಬೇಕೆಂದೇ ಒಡೆದು ಉರಿಸುವುದು ಯಾವ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ.

ಕೆಲವು ಕ್ವಾರ್ಟ್ಸ್ ದೀಪಗಳಿಂದ ಹೊರಬೀಳುವ 184.9 ನ್ಯಾನೊಮೀಟರಿನ ಕಿರಣವು ಗಾಳಿಯ ಆಮ್ಲಜನಕದ ಅಣುವನ್ನು ಸೀಳಿ, ಮೂರು ಪರಮಾಣುಗಳ ಓಝೋನನ್ನು ನಿರ್ಮಿಸುತ್ತದೆ. ಆಕಾಶದ ಎತ್ತರದಲ್ಲಿ ಜೀವರಕ್ಷಕವಾದ ಈ ಅನಿಲವು ಉಸಿರಾಟದ ಗಾಳಿಯಲ್ಲಿ ಬೆರೆತಾಗ ಗಂಟಲು ಮತ್ತು ಶ್ವಾಸಕೋಶಗಳನ್ನು ಕೆರಳಿಸಿ, ಅಸ್ತಮಾ ರೋಗಿಗಳನ್ನು ಹೆಚ್ಚು ಬಾಧಿಸುತ್ತದೆ. ಇದಕ್ಕೊಂದು ತೀಕ್ಷ್ಣ ವಾಸನೆ ಇದೆಯಾದರೂ ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಹೋಗುವುದರಿಂದ ವಾಸನೆ ನಿಂತ ಮಾತ್ರಕ್ಕೆ ಅನಿಲ ಹೋಯಿತೆಂದು ತಿಳಿಯಲಾಗದು.

ದೀಪದೊಳಗಿನ ಪಾದರಸ

ಪಾದರಸವು ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದುದರಿಂದ ಸಾಮಾನ್ಯ ಉಷ್ಣತೆಯಲ್ಲಿ ಅದು ಆವಿಯಾಗದೆಂಬ ನಂಬಿಕೆ ಬಹು ಜನರಲ್ಲಿದೆ. ವಸ್ತುಸ್ಥಿತಿ ಬೇರೆ. ಬಟ್ಟೆ ಒಣಗಲು ನೀರು ಕುದಿಯಬೇಕಿಲ್ಲದಂತೆ ಪಾದರಸವೂ ಕುದಿಯದೆಯೇ ಸದಾ ಗಾಳಿಗೆ ಸೇರುತ್ತಿರುತ್ತದೆ. ಮುಚ್ಚಿದ ಜಾಗದಲ್ಲಿ 20 ಡಿಗ್ರಿ ಉಷ್ಣತೆಯಿದ್ದರೆ ಒಂದು ಘನ ಮೀಟರ್ ಗಾಳಿ ಸುಮಾರು 14 ಮಿಲಿಗ್ರಾಂ ಪಾದರಸವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕೆಲಸದ ಸ್ಥಳಗಳಿಗೆ ಅಮೆರಿಕದ ಕೈಗಾರಿಕಾ ಆರೋಗ್ಯತಜ್ಞರು ಸೂಚಿಸಿರುವ ಮಿತಿಯಾದರೋ 0.025 ಮಿಲಿಗ್ರಾಂ, ಎಂದರೆ ಅದರ ಐನೂರನೆಯ ಒಂದು ಭಾಗಕ್ಕೂ ಕಡಿಮೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಆವಿಯ ಪ್ರಮಾಣ ಸುಮಾರು ಇಮ್ಮಡಿಯಾಗುವುದರಿಂದ, 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನೆಲಕ್ಕೆ ಚೆಲ್ಲಿದ ಪಾದರಸವು ತಂಪು ಹವೆಯ ಊರಿನಲ್ಲಿಗಿಂತ ನಾಲ್ಕು ಪಟ್ಟು ಅಪಾಯಕರ.

ತೊಗರಿಕಾಳಿನ ಗಾತ್ರದ ಒಂದು ಹನಿ ಪಾದರಸ ಸುಮಾರು ಒಂದು ಗ್ರಾಂ ತೂಗುತ್ತದೆ. ಅದು ಪೂರ್ತಿ ಆವಿಯಾಗಿ ಮೇಲೆ ಹೇಳಿದ ಮಿತಿಗೆ ಇಳಿಯಬೇಕಾದರೆ 40,000 ಘನ ಮೀಟರ್ ಗಾಳಿ, ಎಂದರೆ ಉದ್ದ, ಅಗಲ, ಎತ್ತರಗಳೆಲ್ಲ ಹತ್ತಡಿಯಿರುವ ಸುಮಾರು 1,400 ಕೋಣೆಗಳ ಗಾಳಿ ಬೇಕು. ಸಿಎಫ್‌ಎಲ್ ದೀಪದಲ್ಲಿರುವುದು ಕೆಲವೇ ಮಿಲಿಗ್ರಾಂ. ಒಡೆದ ಕೂಡಲೇ ಕಿಟಕಿ ತೆರೆದರೆ ಅದರ ಅಪಾಯ ಸಣ್ಣದು. ಹಳೆಯ ಜ್ವರಮಾಪಕದಲ್ಲಿರುವುದು ಒಂದು ಗ್ರಾಮಿನ ಆಸುಪಾಸಿನದಾದರೆ, ಪಾದರಸದ ರಕ್ತದೊತ್ತಡ ಮಾಪಕದಲ್ಲಿ ನೂರು ಗ್ರಾಮಿಗೆ ಸಮೀಪದಷ್ಟಿರುತ್ತದೆ. ದೀಪ ಒಡೆಯುವುದಕ್ಕೂ ಪ್ರಯೋಗಕ್ಕೆಂದು ಪಾದರಸವನ್ನು ಸೀಸೆಯಲ್ಲಿ ಸಂಗ್ರಹಿಸುವುದಕ್ಕೂ ಇರುವ ವ್ಯತ್ಯಾಸ ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ದೇಹದೊಳಗೆ ಪಾದರಸದ ನಡೆ ಅದು ಪ್ರವೇಶಿಸಿದ ದಾರಿಯನ್ನು ಅವಲಂಬಿಸಿದೆ. ಲೋಹರೂಪದ ಪಾದರಸವನ್ನು ನುಂಗಿದರೆ ಕರುಳು ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. ಅದರ ಆವಿಯನ್ನು ಉಸಿರಾಡಿದರಾದರೋ ಸುಮಾರು ಶೇಕಡಾ 80ರಷ್ಟು ಶ್ವಾಸಕೋಶಗಳ ಮೂಲಕ ರಕ್ತಕ್ಕೆ ಸೇರಿ, ಮೆದುಳಿಗೂ ಮೂತ್ರಪಿಂಡಗಳಿಗೂ ತಲಪುತ್ತದೆ. ಕೈನಡುಕ, ನಿದ್ರಾಹೀನತೆ, ಮರೆವು, ಕಾರಣವಿಲ್ಲದ ಸಿಡುಕು ಅಥವಾ ಸಂಕೋಚ, ಒಸಡುಗಳ ಊತ ದೀರ್ಘಕಾಲದ ವಿಷಬಾಧೆಯ ಲಕ್ಷಣಗಳು. ದೇಹದ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಸೇವಿಸುವ, ನೆಲದ ಮೇಲೆಯೇ ಆಡುವ ಮಕ್ಕಳಿಗೂ, ಗರ್ಭಿಣಿಯರಿಗೂ ಇದು ಇನ್ನೂ ಹಾನಿಕರ. ಪಾದರಸವನ್ನು ಒಲೆಯ ಮೇಲೆ ಕಾಯಿಸುವುದಂತೂ ನೇರವಾಗಿ ಪ್ರಾಣಕ್ಕೇ ಎರವಾಗಬಲ್ಲದು: 100 ಡಿಗ್ರಿ ಉಷ್ಣತೆಯಲ್ಲಿ ಆವಿಯ ಪ್ರಮಾಣ 20 ಡಿಗ್ರಿಯಲ್ಲಿದ್ದುದರ ನೂರು ಪಟ್ಟನ್ನು ಮೀರಿ, ಕೆಲವೇ ಗಂಟೆಗಳಲ್ಲಿ ಶ್ವಾಸಕೋಶಗಳು ಉರಿಯೂತಕ್ಕೆ ಈಡಾಗುತ್ತವೆ. ಪಾದರಸದ ಮಿಶ್ರಣದಿಂದ ಚಿನ್ನವನ್ನು ಬೇರ್ಪಡಿಸಲು, ರಸವಿದ್ಯೆಯ ವಿಧಿಗಳನ್ನು ಪರೀಕ್ಷಿಸಲು ಅಡುಗೆಮನೆಯಲ್ಲಿ ಅದನ್ನು ಕಾಯಿಸುವವರು ಈ ಮಾತನ್ನು ಗಮನಿಸತಕ್ಕದ್ದು.

ತಿಳಿದವರೂ ಈ ವಿಷದ ಬಲೆಗೆ ಬಿದ್ದ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿಯೇ ಇದೆ. ಬೋರಾನ್ ಮತ್ತು ಸಿಲಿಕಾನ್‌ಗಳ ಹೈಡ್ರೈಡುಗಳನ್ನು ಕುರಿತ ಸಂಶೋಧನೆಗೆ ಹೆಸರಾದ ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ ಅವರು ಪಾದರಸ ತುಂಬಿದ ಉಪಕರಣಗಳ ನಡುವೆ ವರ್ಷಗಟ್ಟಲೆ ದುಡಿದು, ತಲೆನೋವು, ಮಂಕುತನ ಮತ್ತು ಮರೆವುಗಳಿಂದ ಸುಮಾರು ಎರಡು ದಶಕಗಳ ಕಾಲ ನರಳಿದರು. ಕಾರಣ ತಮ್ಮ ಪ್ರಯೋಗಾಲಯದ ಗಾಳಿಯಲ್ಲಿಯೇ ಇದೆಯೆಂಬುದು ಗೊತ್ತಾದ ಮೇಲೆ ಅವರು 1926ರಲ್ಲಿ ಪಾದರಸದ ಆವಿಯ ಅಪಾಯವನ್ನು ಕುರಿತ ಲೇಖನ ಪ್ರಕಟಿಸಿ, ತಮಗಾದದ್ದನ್ನು ಮುಚ್ಚಿಡದೆ ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಪಾದರಸದ ಗುಣಗಳನ್ನೆಲ್ಲ ಬಲ್ಲವರಿಗೂ ಅದರ ಇರವನ್ನು ಕಂಡುಹಿಡಿಯಲು ಅಷ್ಟು ಕಾಲ ಹಿಡಿಯಿತೆಂಬುದು ಆ ಲೇಖನದ ಹಿಂದಿನ ನೋವಿನ ಪಾಠ.

ಒಡೆದಾಗ ಮಾಡಬೇಕಾದುದು

ದೀಪ ಒಡೆದ ಕೂಡಲೇ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಕಳಿಸಿ, ಫ್ಯಾನು ಮತ್ತು ಏಸಿಗಳನ್ನು ಆರಿಸಿ, ಕಿಟಕಿಗಳನ್ನು ತೆರೆದು, ಒಳಬಾಗಿಲನ್ನು ಮುಚ್ಚಿ, ಹತ್ತು ಹದಿನೈದು ನಿಮಿಷ ಆ ಕೋಣೆಯಿಂದ ದೂರವಿರಬೇಕು. ಬಳಿಕ ಕೈಗವಸು ತೊಟ್ಟು, ಗಟ್ಟಿ ರಟ್ಟಿನ ತುಂಡಿನಿಂದ ಚೂರು ಮತ್ತು ಪುಡಿಗಳನ್ನು ಒಟ್ಟುಗೂಡಿಸಿ, ಅಂಟುಪಟ್ಟಿಯಿಂದ ಉಳಿದ ಕಣಗಳನ್ನೆತ್ತಿ, ಒದ್ದೆ ಕಾಗದದಿಂದ ನೆಲವನ್ನು ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಜಾಡಿಗೆ ಹಾಕಬೇಕು. ಪೊರಕೆಯಿಂದ ಗುಡಿಸಿದರೆ ಒಂದು ಹನಿ ಸಾವಿರ ಹನಿಗಳಾಗಿ ಒಡೆದು, ಆವಿಯಾಗುವ ಮೇಲ್ಮೈ ಹತ್ತು ಪಟ್ಟಾಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಆವಿಯು ಮನೆಯ ತುಂಬ ಹರಡುತ್ತದೆ. ಜ್ವರಮಾಪಕ ಒಡೆದು ಪಾದರಸದ ಗುಂಡುಗಳು ಉರುಳಿದ್ದರೆ ಟಾರ್ಚನ್ನು ನೆಲದ ಮಟ್ಟದಲ್ಲಿ ಹಿಡಿದು ನೋಡಿದಾಗ ಅವು ಮಿನುಗಿ ಕಾಣುತ್ತವೆ. ಅವುಗಳನ್ನು ಹನಿಕೊಳವೆಯಿಂದ ಹೀರಿ ತೆಗೆಯಬೇಕು. ಚಿನ್ನದೊಂದಿಗೆ ಪಾದರಸ ಕೂಡಿಕೊಳ್ಳುವುದರಿಂದ ಉಂಗುರ, ಬಳೆಗಳನ್ನು ಮೊದಲೇ ತೆಗೆದಿಡುವುದು ಒಳಿತು. ಗಂಧಕದ ಪುಡಿಯನ್ನು ಎರಚಿದರೆ ಸಾಕೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಆ ಕ್ರಿಯೆ ನಿಧಾನವಾಗಿ, ಹನಿಯ ಹೊರಮೈಯಲ್ಲಿ ಮಾತ್ರ ನಡೆಯುತ್ತದೆ. ಪಾದರಸವನ್ನು ಸಿಂಕಿಗಾಗಲಿ ಶೌಚಾಲಯಕ್ಕಾಗಲಿ ಸುರಿಯಕೂಡದು. ಪಾದರಸವಿರುವ ದೀಪಗಳು ಭಾರತದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಹಳೆಯ ದೀಪಗಳನ್ನು ಕಸದ ಗಾಡಿಗೆ ಎಸೆಯದೆ ಮಾನ್ಯತೆ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಕುತೂಹಲಕ್ಕೆ ಸುರಕ್ಷಿತ ದಾರಿ

ಪ್ರತಿದೀಪ್ತಿಯ ಸೊಬಗನ್ನು ಕಾಣಲು ಯುವಿ-ಸಿ ದೀಪವೇ ಬೇಕೆಂದಿಲ್ಲ. ಪಾದರಸವಿಲ್ಲದ, 365 ಅಥವಾ 395 ನ್ಯಾನೊಮೀಟರಿನ ಎಲ್‌ಇಡಿ ಟಾರ್ಚಿನ ಬೆಳಕಿನಲ್ಲಿ ನೋಟಿನ ಕ್ರಮಸಂಖ್ಯೆ ಹೊಳೆಯುತ್ತದೆ. ಸ್ಪಿರಿಟ್‌ನಲ್ಲಿ ಕದಡಿದ ಅರಿಶಿನ ಹಸಿರುಹಳದಿಯಾಗಿ, ಪಾಲಕ್ ಸೊಪ್ಪಿನ ಹಸಿರು ಸಾರ ರಕ್ತಗೆಂಪಾಗಿ, ಕ್ವಿನೈನ್ ಇರುವ ಟಾನಿಕ್ ವಾಟರ್ ನೀಲಿಯಾಗಿ ಬೆಳಗುತ್ತವೆ. ಹೊನ್ನೆಮರದ ಚೇಗಿನಿಂದ ಕಡೆದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವ ರೂಢಿ ಮಧುಮೇಹಿಗಳಲ್ಲಿದೆ. ಆ ಕಂದು ನೀರಿನಲ್ಲಿ ಬಿಸಿಲಿಗೆ ಹಿಡಿದಾಗ ಸುಳಿಯುವ ನೀಲಿ ಛಾಯೆಯೂ ಪ್ರತಿದೀಪ್ತಿಯೇ ಆಗಿದ್ದು, ಟಾರ್ಚಿನ ಬೆಳಕಿನಲ್ಲಿ ಅದು ಇನ್ನೂ ಸ್ಫುಟವಾಗುತ್ತದೆ. ಈ ಟಾರ್ಚುಗಳನ್ನೂ ನೇರವಾಗಿ ನೋಡಬಾರದು, ಮಕ್ಕಳ ಮುಖಕ್ಕೆ ಹಿಡಿಯಬಾರದು. ಸ್ಪಿರಿಟ್‌ನ ಹತ್ತಿರ ಬೆಂಕಿಯೂ ಇರಬಾರದು.

ಕೆಲವು ಖನಿಜಗಳು ಮಾತ್ರ ಯುವಿ-ಸಿಯಲ್ಲಿಯೇ ಬೆಳಗುವುದರಿಂದ ಅನುಭವಸ್ಥ ಸಂಗ್ರಾಹಕರಿಗೆ ಅದು ಅನಿವಾರ್ಯವಾಗಬಹುದು. ಆಗ ದೀಪವನ್ನು ಅಪಾರದರ್ಶಕ ಪೆಟ್ಟಿಗೆಯೊಳಗೆ ಕೂರಿಸಿ, ಬಾಗಿಲು ತೆರೆದ ಕ್ಷಣವೇ ವಿದ್ಯುತ್ ಕಡಿಯುವ ಸ್ವಿಚ್ಚನ್ನು ಅಳವಡಿಸಿ, ಪಾಲಿಕಾರ್ಬೊನೇಟ್ ಹಾಳೆಯ ಕಿಂಡಿಯಿಂದ ನೋಡುವ ಏರ್ಪಾಡು ಮಾಡಿಕೊಳ್ಳಬೇಕು. ಸಾಮಾನ್ಯ ತಂಪುಕನ್ನಡಕ ಬದಿಗಳಿಂದ ಕಿರಣಗಳನ್ನು ಒಳಬಿಡುವುದರಿಂದ ಮುಖವನ್ನೆಲ್ಲ ಮುಚ್ಚುವ ಪಾಲಿಕಾರ್ಬೊನೇಟ್ ಕವಚವನ್ನೂ ಪೂರ್ಣ ತೋಳಿನ ಬಟ್ಟೆಯನ್ನೂ ಧರಿಸಬೇಕು. ಹೊಳಪುಳ್ಳ ಅಲ್ಯೂಮಿನಿಯಂ ಮೇಲ್ಮೈ ಯುವಿ-ಸಿಯನ್ನು ಚೆನ್ನಾಗಿ ಪ್ರತಿಫಲಿಸುತ್ತದೆಂಬುದನ್ನು ಮರೆಯದೆ, ದೀಪಕ್ಕೆ ಬೆನ್ನು ಮಾಡಿದರೆ ಸಾಕೆಂಬ ಭರವಸೆಯನ್ನು ಬಿಡಬೇಕು.

ಈ ಎರಡು ಅಗೋಚರಗಳನ್ನು ಒಟ್ಟಿಗೆ ತೋರಿಸುವ ಒಂದು ಹಳೆಯ ಪ್ರಾತ್ಯಕ್ಷಿಕೆ ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿದೆ. ಪಾದರಸದ ಪರಮಾಣುವು ತಾನು ಹೊರಸೂಸುವ 253.7 ನ್ಯಾನೊಮೀಟರಿನ ಕಿರಣವನ್ನೇ ಅತ್ಯಂತ ಬಲವಾಗಿ ಹೀರಿಕೊಳ್ಳುತ್ತದೆ. ಪಾದರಸ ದೀಪದ ಕಿರಣವನ್ನು ಪ್ರತಿದೀಪ್ತಿಯ ಪರದೆಯ ಮೇಲೆ ಬೀಳಿಸಿ, ನಡುವೆ ಪಾದರಸದ ತೆರೆದ ಪಾತ್ರೆಯನ್ನಿರಿಸಿದರೆ, ಬೆಳಗುತ್ತಿರುವ ಪರದೆಯ ಮೇಲೆ ಆ ಪಾತ್ರೆಯಿಂದ ಕರಿಹೊಗೆಯಂಥ ನೆರಳು ಸುರುಳಿ ಸುರುಳಿಯಾಗಿ ಏಳುವುದು ಕಾಣುತ್ತದೆ. ಗಾಳಿಯಲ್ಲಿನ ಪಾದರಸವನ್ನು ಅಳೆಯುವ ಹಲವು ಉಪಕರಣಗಳು ದುಡಿಯುವುದೂ ಇದೇ ತತ್ತ್ವದ ಮೇಲೆ. ಕಣ್ಣಿಗೂ ಶ್ವಾಸಕ್ಕೂ ಏಕಕಾಲಕ್ಕೆ ಅಪಾಯವಿರುವ ಈ ಪ್ರಾತ್ಯಕ್ಷಿಕೆಯನ್ನು ಮನೆಯಲ್ಲಿ ಮಾಡಕೂಡದು. ಗಾಳಿಯನ್ನು ಹೊರಗೆಳೆಯುವ ಕಪಾಟಿರುವ ಪ್ರಯೋಗಾಲಯದಲ್ಲಿ, ತಜ್ಞರ ಸಮ್ಮುಖದಲ್ಲಿ ಮಾತ್ರ ಅದನ್ನು ನೋಡತಕ್ಕದ್ದು. ದೀಪವನ್ನು ಆರಿಸಿದೊಡನೆ ಪರದೆಯ ಮೇಲಿನ ಹೊಗೆ ಮಾಯವಾಗುತ್ತದೆ, ಪಾತ್ರೆಯಿಂದ ಏಳುವ ಆವಿ ಮಾತ್ರ ಏಳುತ್ತಲೇ ಇರುತ್ತದೆ. ಮನೆಯ ಕಪಾಟಿನಲ್ಲಿ ಪಾದರಸದ ಸೀಸೆಯನ್ನು ಇಟ್ಟುಕೊಂಡಿರುವವರು ನೆನಪಿನಲ್ಲಿಡಬೇಕಾದ ಸಂಗತಿ ಇದೇ.